ಮಣ್ಣು ಶಾವಿಗೆ ಆಗುವಷ್ಟು ಹಸಿ ಇದ್ದರೆ ಟ್ರ್ಯಾಕ್ಟರ್ ಇಳಿಸಬೇಡಿ

ಎರೆ ಹೊಲ ಇದ್ದವರಿಗೆಲ್ಲ ಗೊತ್ತಿರುವ ಮಾತಿನಿಂದಲೇ ಸುರು ಮಾಡುತ್ತೇನೆ. ಬ್ಯಾಸಿಗಿಯಲ್ಲಿ ನಮ್ಮ ಎರೆ ಮಣ್ಣು ಅಂದರೆ ಕಲ್ಲು. ಗುದ್ದಲಿ ಹಾಕಿದರೆ ಗುದ್ದಲಿಯೇ ಪುಟಿದು ಬರುತ್ತದೆ. ಅದೇ ಮಣ್ಣು ದೊಡ್ಡ ಮಳೆಯಾದಾಗ ರಾಡಿಯಾಗಿ, ಇಳಿಜಾರು ಹಿಡಿದು ನೀರಿನ ಹಂಗ ಹರಿದು ಹೋಗುತ್ತದೆ. ಇವೆರಡರ ನಡುವೆ ಕೆಲವೇ ದಿನ ಅದು ಕಲ್ಲೂ ಅಲ್ಲದ, ರಾಡಿಯೂ ಅಲ್ಲದ ಸ್ಥಿತಿಯಲ್ಲಿ ಇರುತ್ತದೆ. ಕೈಯಾಗ ಹಿಡಿದರೆ ಉಂಡೆಯಾಗುತ್ತದೆ, ಹೆಬ್ಬೆರಳಿನಿಂದ ಒತ್ತಿದರೆ ಉದುರುತ್ತದೆ. ಆ ಕೆಲವು ದಿನಗಳಿಗೆ ನಮ್ಮ ಹಿರಿಯರು ಹದ ಅಂದರು. ಒಣಬೇಸಾಯದವರ ವರ್ಷದ ಅನ್ನ ನಿಂತಿರುವುದು ಆ ದಿನಗಳ ಮೇಲೆ. ಈಗೀಗ ನಾವು ಹದ ಕಾಯುವುದನ್ನು ಬಿಡುತ್ತಿದ್ದೇವೆ. ಬಾಡಿಗೆ ಟ್ರ್ಯಾಕ್ಟರ್ ಯಾವತ್ತು ಬರುತ್ತದೋ ಅವತ್ತೇ ಹದ ಅನ್ನುವಂತಾಗಿದೆ. ಇದರಿಂದ ಹೊಲ ಕೆಡುತ್ತಿದೆ, ಇದನ್ನು ಊರವರೇ ಕೂತು ಸರಿಮಾಡಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಘನವೋ? ದ್ರವವೋ?

ನಾನು ಕಲಿತದ್ದು ಏಳನೇ ಇಯತ್ತೆ. ವಸ್ತುಗಳಲ್ಲಿ ಘನ, ದ್ರವ, ಅನಿಲ ಅಂತ ಮೂರು ಬಗೆ ಎಂದು ಗುರುಗಳು ಬಾಯಿಪಾಠ ಮಾಡಿಸಿದ್ದರು. ಕಲ್ಲು ಘನ, ನೀರು ದ್ರವ. ಅಷ್ಟಕ್ಕೆ ಪಾಠ ಮುಗಿಯಿತು. ಆದರೆ ನಮ್ಮ ಮನೆಯಾಗ, ಹೊಲದಾಗ ಈ ಎರಡೂ ಸಾಲಿಗೆ ಸೇರದ ಪದಾರ್ಥಗಳು ಬೇಕಾದಷ್ಟು ಇವೆ.

ಜೋಳದ ರಾಶಿಯನ್ನೇ ನೋಡ್ರಿ. ಒಂದೊಂದು ಕಾಳೂ ಗಟ್ಟಿ. ಆದರೆ ಚೀಲದ ಬಾಯಿ ಬಿಚ್ಚಿ ಓರೆ ಮಾಡಿದರೆ ಜೋಳ ನೀರಿನ ಹಂಗ ಸುರಿಯುತ್ತದೆ. ಹಗೇವಿನೊಳಗೆ ಇಳಿದವನ ಕಾಲು ಜೋಳದಾಗ ಹುಗಿಯುತ್ತದೆ. ಹಂಗಂತ ಅದು ಪೂರ್ತಿ ನೀರೂ ಅಲ್ಲ. ನೀರು ಸುರಿದರೆ ಸಮನಾಗಿ ಹರಡುತ್ತದೆ, ಜೋಳ ಸುರಿದರೆ ಕಣದಾಗ ಗುಡ್ಡೆಯಾಗಿ ನಿಲ್ಲುತ್ತದೆ.

ಇನ್ನು ಕುರುಡಗಿ ಮಾಡುವ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಇನ್ನೊಂದು ಚಮತ್ಕಾರ ಗೊತ್ತು. ಗೋದಿ ನೆನೆಹಾಕಿ, ರುಬ್ಬಿ, ಹಾಲು ಸೋಸಿ ಇಟ್ಟರೆ ಮರುದಿನಕ್ಕೆ ಬಿಳಿ ಹಿಟ್ಟು ತಳ ಹಿಡಿದು ಕೂಡುತ್ತದೆ. ಮೇಲಿನ ತಿಳಿನೀರು ಬಸಿದ ಮೇಲೆ ಆ ಹಿಟ್ಟಿಗೆ ಬೆರಳಿನಿಂದ ಜೋರಾಗಿ ತಿವಿದರೆ ಕಲ್ಲಿನ ಹಂಗ ತಡೆಯುತ್ತದೆ. ಅದೇ ಬೆರಳನ್ನು ಸಾವಕಾಶ ಊರಿದರೆ ಸಲೀಸಾಗಿ ಒಳಗೆ ಹೋಗುತ್ತದೆ. ಪಾತ್ರೆ ಓರೆ ಮಾಡಿದರೆ ಹಿಟ್ಟು ಮೆಲ್ಲಗೆ ಹರಿಯುತ್ತದೆ. ಕಾರಣ ಇಷ್ಟೇ. ಸಣ್ಣ ಸಣ್ಣ ಹಿಟ್ಟಿನ ಕಣಗಳು ಒತ್ತೊತ್ತಾಗಿ ಕೂತಿರುತ್ತವೆ, ನಡುವೆ ತೆಳುವಾಗಿ ನೀರು ಇರುತ್ತದೆ. ಸಾವಕಾಶ ಒತ್ತಿದರೆ ಕಣಗಳಿಗೆ ಆಚೀಚೆ ಸರಿಯಲು ಪುರಸೊತ್ತು ಸಿಗುತ್ತದೆ. ಒಮ್ಮೆಲೇ ಗುದ್ದಿದರೆ ಒಂದಕ್ಕೊಂದು ತಾಗಿ ಸಿಕ್ಕಿ ನಿಲ್ಲುತ್ತವೆ.

ನಮ್ಮ ಎರೆಯ ರಾಡಿ ಇದಕ್ಕೆ ಉಲ್ಟಾ. ಅದನ್ನು ಸುಮ್ಮನೆ ಬಿಟ್ಟರೆ ಗಟ್ಟಿಯಾಗುತ್ತದೆ, ಕಲಕಿದರೆ ಸಡಿಲಾಗುತ್ತದೆ. ರಾಡಿಯಾಗ ಸಿಕ್ಕ ಟ್ರ್ಯಾಕ್ಟರಿನ ಗಾಲಿ ಗಿರಗಿರ ತಿರುಗಿದಷ್ಟೂ ಕೆಳಗೆ ಇಳಿಯುವುದು ಇದೇ ಕಾರಣಕ್ಕೆ. ಗಾಲಿ ತಿರುಗುತ್ತ ಮಣ್ಣನ್ನು ಕಲಕಿ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಅಂಥ ಹೊತ್ತಿನಲ್ಲಿ ರೇಸ್ ಕೊಡುವುದನ್ನು ನಿಲ್ಲಿಸಿ, ಗಾಲಿಯ ಮುಂದಿನ ರಾಡಿ ತೆಗೆದು, ಕಲ್ಲು ಅಥವಾ ತೊಗರಿ ಕಟಗಿ ತುಂಬಿ, ಸಣ್ಣ ಗೇರಿನಲ್ಲಿ ಸಾವಕಾಶ ಎಬ್ಬಿಸಬೇಕು. ಕೆರೆಯ ಹೂಳಿನಲ್ಲಿ ಕಾಲು ಸಿಕ್ಕ ಮನುಷ್ಯನಿಗೂ ಇದೇ ಮಾತು. ದಡಬಡಿಸಿ ಕಿತ್ತರೆ ಕಾಲಿನ ಕೆಳಗೆ ಗಾಳಿ ಹೋಗದೆ ರಾಡಿ ಹೀರಿ ಹಿಡಿಯುತ್ತದೆ. ಕಾಲನ್ನು ಸಣ್ಣಗೆ ಅಲುಗಾಡಿಸುತ್ತ, ಮೈ ಹಿಂದಕ್ಕೆ ವಾಲಿಸಿ ನಿಧಾನ ಎಳೆದುಕೊಳ್ಳಬೇಕು. ಕೃಷಿ ಹೊಂಡ ಇದ್ದವರು ಸುತ್ತ ಬೇಲಿ ಹಾಕಿ, ಗಂಟು ಹಾಕಿದ ಹಗ್ಗ ಒಂದನ್ನು ಗಟ್ಟಿ ಗೂಟಕ್ಕೆ ಕಟ್ಟಿ ಒಳಗೆ ಇಳಿಬಿಟ್ಟಿರಲಿ. ದಂಡೆಯ ಹಸಿ ಎರೆ ಮತ್ತು ಪ್ಲಾಸ್ಟಿಕ್ ಹಾಳೆ ಎರಡೂ ಜಾರುತ್ತವೆ. ಮಕ್ಕಳಿಗೆ ಹಿಡಿಯಲು ಏನಾದರೂ ಬೇಕು.

ಎರೆ ಹೀಗೇಕೆ?

ಎರೆ ಮಣ್ಣಿನಾಗ ನೂರಕ್ಕೆ ಸುಮಾರು ನಲವತ್ತರಿಂದ ಅರವತ್ತು ಪಾಲು ಜೇಡಿ ಇರುತ್ತದೆ. ಜೇಡಿಯ ಒಂದು ಕಣ ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲಿಗಿಂತ ಸಣ್ಣದು. ಉಸುಕಿನ ಹಂಗ ಅದು ಗುಂಡಗೆ ಇರುವುದಿಲ್ಲ, ಚಪ್ಪಟೆ ಹಾಳೆಯ ಹಂಗ ಇರುತ್ತದೆ. ನಮ್ಮ ಎರೆಯಲ್ಲಿರುವ ಜೇಡಿಗೆ ವಿಜ್ಞಾನಿಗಳು ಮಾಂಟ್‌ಮೊರಿಲೊನೈಟ್ ಅನ್ನುತ್ತಾರೆ. ಫ್ರಾನ್ಸ್ ದೇಶದ ಮಾಂಟ್‌ಮೊರಿಲಾನ್ ಎಂಬ ಊರಿನಿಂದ ಬಂದ ಹೆಸರಂತೆ. ಹಳೇ ಖಾತೆ ಬುಕ್ಕು ಮಳೆಗೆ ತೊಯ್ದರೆ ಹಾಳೆಗಳ ನಡುವೆ ನೀರು ಹೋಗಿ ಬುಕ್ಕು ಉಬ್ಬುತ್ತದಲ್ಲ, ಈ ಜೇಡಿಯೂ ಹಾಗೆಯೇ. ಪದರಗಳ ನಡುವೆ ನೀರು ಸೇರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಕುಗ್ಗಿದ್ದಕ್ಕೆ ಹೊಲ ಬಾಯಿ ಬಿಡುತ್ತದೆ. ಬ್ಯಾಸಿಗಿಯ ಬಿರುಕಿನಾಗ ಕೈ ಇಳಿಸಿದರೆ ಮೊಳಕೈ ದಾಟಿ ಹೋಗುವುದು ನಮಗೆಲ್ಲ ಗೊತ್ತೇ ಇದೆ.

ಹಾಳೆ ಹಾಳೆಯ ನಡುವೆ ನೀರು ಎಷ್ಟು ಇದೆ ಎಂಬುದರ ಮೇಲೆ ಮಣ್ಣಿನ ಗುಣ ಬದಲಾಗುತ್ತದೆ. ನೀರು ಬಹಳ ಕಡಿಮೆ ಇದ್ದರೆ ಹಾಳೆಗಳು ಒಂದಕ್ಕೊಂದು ಬಿಗಿಯಾಗಿ ಅಂಟಿ ಕಲ್ಲಾಗುತ್ತದೆ. ಸ್ವಲ್ಪ ನೀರು ಸೇರಿದರೆ ಒತ್ತಿದಾಗ ಉದುರುವ ಹದಕ್ಕೆ ಬರುತ್ತದೆ. ಇನ್ನಷ್ಟು ಸೇರಿದರೆ ಹಾಳೆಗಳು ಜಾರುತ್ತವೆ, ಆಗ ಮಣ್ಣು ಕಣಕದ ಹಂಗ ನಾವು ಮಾಡಿದ ಆಕಾರಕ್ಕೆ ಬಂದು ಹಾಗೇ ನಿಲ್ಲುತ್ತದೆ. ಮತ್ತೂ ಹೆಚ್ಚಾದರೆ ರಾಡಿಯಾಗಿ ಹರಿಯುತ್ತದೆ.

ಈ ಮೆಟ್ಟಿಲುಗಳನ್ನು ಮೊದಲು ಅಳತೆಗೆ ತಂದವನು ಸ್ವೀಡನ್ ದೇಶದ ಆಲ್ಬರ್ಟ್ ಅಟರ್‌ಬರ್ಗ್ ಎಂಬ ರಸಾಯನ ವಿಜ್ಞಾನಿ. 1911ರಲ್ಲಿ ಆತ ಅದನ್ನು ಪ್ರಕಟಿಸಿದ. ಇವತ್ತಿಗೂ ರಸ್ತೆ, ಕಟ್ಟಡ ಕಟ್ಟುವ ಎಂಜಿನಿಯರುಗಳು ಮಣ್ಣನ್ನು ಆತನ ಹೆಸರಿನ ಮಿತಿಗಳಿಂದಲೇ ಪರೀಕ್ಷಿಸುತ್ತಾರೆ. ಹಸಿ ಮಣ್ಣನ್ನು ಗಾಜಿನ ಮೇಲೆ ಅಂಗೈಯಿಂದ ಹೊಸೆದು ಮೂರು ಮಿಲಿಮೀಟರ್ ದಪ್ಪದ ಎಳೆ ಮಾಡುತ್ತಾರೆ. ಎಳೆ ಮುರಿಯದೆ ಬಂದರೆ ಮಣ್ಣು ಇನ್ನೂ ಮೆತುವಿನ ಸ್ಥಿತಿಯಲ್ಲಿದೆ ಎಂದು ಅರ್ಥ. ಅಷ್ಟು ದಪ್ಪಕ್ಕೆ ಬರುವಾಗ ತುಂಡು ತುಂಡಾದರೆ ಅದೇ ಮೆತುವಿನ ಕೊನೆಯ ಗಡಿ. ಎರೆ ಮಣ್ಣಿನಲ್ಲಿ ಈ ಗಡಿ ಸಾಮಾನ್ಯವಾಗಿ ನೂರು ಗ್ರಾಂ ಒಣ ಮಣ್ಣಿಗೆ 25ರಿಂದ 35 ಗ್ರಾಂ ನೀರು ಇರುವಾಗ ಬರುತ್ತದೆ. ನೀರು ಆ ಗಡಿಗಿಂತ ತುಸು ಕೆಳಗೆ ಇಳಿದಾಗ ಉಳುಮೆ ಮಾಡಿದರೆ ಮಣ್ಣು ಚೆನ್ನಾಗಿ ಬಿಡಿ ಬಿಡಿ ಆಗುತ್ತದೆ ಎಂದು ಮಣ್ಣು ವಿಜ್ಞಾನಿಗಳು ಹೇಳುತ್ತಾರೆ. ನಮ್ಮ ಹಿರಿಯರ ಹದವೂ ಅದೇ. ಅವರು ಗಾಜು, ತಕ್ಕಡಿ ಇಲ್ಲದೆ ಅಂಗಾಲಿನಿಂದ, ಅಂಗೈಯಿಂದ ತಿಳಿಯುತ್ತಿದ್ದರು.

ಹಸಿಯಲ್ಲಿ ಉತ್ತರೆ ಏನಾಗುತ್ತದೆ?

ಇಟ್ಟಂಗಿ ಮಾಡುವವರು ಏನು ಮಾಡುತ್ತಾರೆ? ಮಣ್ಣಿಗೆ ನೀರು ಹಾಕಿ ಚೆನ್ನಾಗಿ ತುಳಿದು, ಹದ ಮಾಡಿ, ಅಚ್ಚಿಗೆ ಒತ್ತಿ ಬಿಸಿಲಿಗೆ ಇಡುತ್ತಾರೆ. ಮೆತುವಿನ ಸ್ಥಿತಿಯಲ್ಲಿರುವ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಿದರೆ ನಾವೂ ಅದನ್ನೇ ಮಾಡಿದ ಹಾಗೆ. ಗಾಲಿ ತುಳಿಯುತ್ತದೆ, ನೇಗಿಲಿನ ಮೊನೆ ಮಣ್ಣನ್ನು ಗಾರೆ ತಿಕ್ಕಿದ ಹಂಗ ನುಣ್ಣಗೆ ಸವರುತ್ತದೆ, ಬಿಸಿಲು ಒಣಗಿಸುತ್ತದೆ. ಹಸಿಯಲ್ಲಿ ಎದ್ದ ಹೆಂಟೆಗಳು ಇಟ್ಟಂಗಿಯಾಗುತ್ತವೆ, ಕುಂಟೆ ಹೊಡೆದರೂ ಬಗ್ಗುವುದಿಲ್ಲ. ಬ್ಯಾಸಿಗಿಯಲ್ಲಿ ಒಣ ನೆಲ ಉತ್ತಾಗ ಏಳುವ ಹೆಂಟೆ ಬೇರೆ ಜಾತಿ. ಅದು ಎಷ್ಟೇ ದೊಡ್ಡದಿರಲಿ, ಮೊದಲ ಮಳೆಗೆ ನೀರು ಕುಡಿದು ಸುಣ್ಣ ಅರಳಿದ ಹಂಗ ತಾನೇ ಅರಳಿ ಉದುರುತ್ತದೆ. ಹಾಗಾಗಿ ಎರೆಯಲ್ಲಿ ಒಣಗಿದ್ದಾಗ ಉತ್ತದ್ದಕ್ಕೆ ಮಳೆ ಪರಿಹಾರ ಕೊಡುತ್ತದೆ, ಹಸಿ ಇದ್ದಾಗ ಉತ್ತದ್ದಕ್ಕೆ ಅಷ್ಟು ಸುಲಭದ ಪರಿಹಾರ ಇಲ್ಲ.

ಮೇಲಿನ ಹೆಂಟೆ ಕಣ್ಣಿಗೆ ಕಾಣುತ್ತದೆ. ಕಾಣದ್ದು ಕೆಳಗೆ ಇದೆ. ನೇಗಿಲು ಓಡಾಡಿದ ಆಳದಲ್ಲಿ, ಆರೆಂಟು ಇಂಚಿಗೆ, ಗಟ್ಟಿ ಪದರ ಒಂದು ಕೂಡುತ್ತದೆ. ನಮ್ಮ ಊರಿನ ಒಂದು ಹೊಲದಾಗ ಹಿಂಗಾರಿಯಲ್ಲಿ ಅರ್ಧ ಹೊಲ ಮಳೆ ನಿಂತ ಮೂರನೇ ದಿನಕ್ಕೇ ಹೊಡೆದಿದ್ದರು. ಟ್ರ್ಯಾಕ್ಟರ್ ಕೆಟ್ಟು ನಿಂತಿದ್ದರಿಂದ ಉಳಿದರ್ಧ ಒಂದು ವಾರದ ಮೇಲೆ ಹೊಡೆದರು. ಬೀಜ ಒಂದೇ, ಬಿತ್ತಿದ ದಿನವೂ ಒಂದೇ. ಕಡಲೆ ಹೂವಿಗೆ ಬಂದಾಗ ಎರಡೂ ಕಡೆ ಗಿಡ ಕಿತ್ತು ನೋಡಿದೆವು. ಹದದಲ್ಲಿ ಹೊಡೆದ ಕಡೆ ತಾಯಿಬೇರು ನೆಟ್ಟಗೆ ಇಳಿದಿತ್ತು. ಹಸಿಯಲ್ಲಿ ಹೊಡೆದ ಕಡೆ ಬೇರು ಆರಿಂಚು ಇಳಿದು, ಅಲ್ಲಿಂದ ಅಡ್ಡ ತಿರುಗಿ ಕೋಳಿಕಾಲಿನ ಹಂಗ ಆಗಿತ್ತು. ಕಡಲೆ, ಬಿಳಿಜೋಳ, ಕುಸುಬಿ ಇವೆಲ್ಲ ಎರೆಯ ಹೊಟ್ಟೆಯೊಳಗಿನ ತೇವ ಉಂಡು ಬೆಳೆಯುವ ಬೆಳೆಗಳು. ಬೇರು ಕೆಳಗೆ ಹೋಗದಿದ್ದರೆ ಕೆಳಗಿನ ತೇವ ಇದ್ದೂ ಇಲ್ಲದಂತೆ.

ನೀರಿಗೂ ಅದೇ ಅಡ್ಡಿ. ಒಂದು ಮಿಲಿಮೀಟರ್ ಮಳೆ ಅಂದರೆ ಎಕರೆಗೆ ನಾಲ್ಕು ಸಾವಿರ ಲೀಟರ್ ನೀರು. ಒಂದು ಇಂಚಿನ ಮಳೆಗೆ ಒಂದು ಲಕ್ಷ ಲೀಟರ್. ನಮ್ಮ ಭಾಗಕ್ಕೆ ವರ್ಷಕ್ಕೆ ಬೀಳುವುದು ಸುಮಾರು ಆರುನೂರು ಮಿಲಿಮೀಟರಿನ ಆಚೀಚೆ, ಅದೂ ಕೆಲವೇ ಜೋರು ಮಳೆಗಳಲ್ಲಿ. ಬಿರುಕು ಇರುವವರೆಗೆ ಎರೆ ಗಟಗಟ ಕುಡಿಯುತ್ತದೆ. ಉಬ್ಬಿ ಬಿರುಕು ಮುಚ್ಚಿದ ಮೇಲೆ ತಾಸಿಗೆ ಕೆಲವೇ ಮಿಲಿಮೀಟರ್ ಒಳಗೆ ಹೋಗುತ್ತದೆ. ಅದರ ಮೇಲೆ ನಾವು ಇನ್ನೊಂದು ಗಟ್ಟಿ ಪದರ ಹಾಕಿ ಕೊಟ್ಟರೆ ಒಂದಿಂಚಿನ ಮಳೆಯ ಅರ್ಧ, ಅಂದರೆ ಎಕರೆಗೆ ಐವತ್ತು ಸಾವಿರ ಲೀಟರ್, ಬದು ಒಡೆದು ಹಳ್ಳ ಸೇರಲು ಎಷ್ಟು ಹೊತ್ತು ಬೇಕು? ಹೋಗುವಾಗ ಮೇಲ್ಮಣ್ಣನ್ನೂ ರಾಡಿ ಮಾಡಿಕೊಂಡು ಕೃಷ್ಣೆ ಕಡೆಗೆ ಒಯ್ಯುತ್ತದೆ. ಹುನಗುಂದದ ನಾಗರಾಳ ಮನೆತನದವರು ಒಡ್ಡು, ಕಲ್ಲಿನ ಕೋಡಿಗಳಿಂದ ಮಳೆನೀರನ್ನು ಹೊಲದಲ್ಲೇ ಇಂಗಿಸಿ ಒಣಬೇಸಾಯ ಮಾಡಿ ಹೆಸರಾದವರು. ನೋಡಿ ಬಂದವರೆಲ್ಲ ಅವರ ಒಡ್ಡಿನ ಬಗ್ಗೆ ಮಾತಾಡುತ್ತೇವೆ. ಒಡ್ಡು ತಡೆದ ನೀರು ಒಳಗೆ ಇಳಿಯಲು ಮಣ್ಣು ಬಾಯಿ ತೆರೆದಿರಬೇಕು ಎಂಬುದನ್ನು ಮರೆಯುತ್ತೇವೆ.

ಭತ್ತದವರ ದಾರಿ ಬೇರೆ

ಗಂಗಾವತಿ, ಸಿರುಗುಪ್ಪದ ಕಡೆ ಹೋಗಿ ಬಂದವರು ಒಂದು ಪ್ರಶ್ನೆ ಕೇಳುತ್ತಾರೆ. ತುಂಗಭದ್ರಾ ನೀರಾವರಿಯವರು ಇದೇ ಎರೆಯಲ್ಲಿ ನೀರು ನಿಲ್ಲಿಸಿ, ಟ್ರ್ಯಾಕ್ಟರ್ ಹೊಡೆದು, ರಾಡಿ ಮಾಡಿಯೇ ಭತ್ತ ಹಚ್ಚುತ್ತಾರಲ್ಲ, ಅವರ ಭೂಮಿಗೆ ಏನೂ ಆಗಿಲ್ಲವಲ್ಲ ಎಂದು. ಉತ್ತರ ಸರಳ. ಭತ್ತಕ್ಕೆ ನೀರು ಗದ್ದೆಯಲ್ಲಿ ನಿಲ್ಲಬೇಕು, ಕೆಳಗೆ ಇಳಿಯಬಾರದು. ಅದಕ್ಕಾಗಿ ಅವರು ಮಣ್ಣಿನ ಹರಳು ಒಡೆದು ತಳ ಮುಚ್ಚುತ್ತಾರೆ. ಆ ಕೆಸರು ಅವರಿಗೆ ಬೇಕಾದದ್ದು. ನಮಗೆ ಬೇಕಾದದ್ದು ನೀರು ಇಳಿಯುವುದು. ಒಂದೇ ಮಣ್ಣು, ಒಂದೇ ಗುಣ, ಕೆಲಸ ಉಲ್ಟಾ.

ನಮ್ಮ ಹಳೇ ಮಣ್ಣಿನ ಮಾಳಿಗೆಯೂ ಇದನ್ನೇ ಹೇಳುತ್ತದೆ. ಮಾಳಿಗೆ ಸೋರಬಾರದೆಂದು ಹಿರಿಯರು ಹುಡುಕಿ ತಂದು ಹಾಕುತ್ತಿದ್ದದ್ದು ಸವಳು ಮಣ್ಣು. ಸವಳಿನಲ್ಲಿ ಜೇಡಿಯ ಹಾಳೆಗಳು ಒಂದನ್ನೊಂದು ಬಿಟ್ಟು ನೀರಿನಲ್ಲಿ ಕದಡಿ, ಸಂದು ಸಂದು ಮುಚ್ಚುತ್ತವೆ. ಹನಿ ನೀರೂ ಇಳಿಯುವುದಿಲ್ಲ. ಮಾಳಿಗೆಗೆ ಅದು ವರ, ಹೊಲಕ್ಕೆ ಅದೇ ಶಾಪ.

ಈ ಮಾತು ನಮ್ಮೂರಿಗೆ ಈಗ ಹೆಚ್ಚು ಬೇಕಾಗಿದೆ. ರಾಮಥಾಳ–ಮರೋಳ ಏತ ನೀರಾವರಿಯ ಎರಡನೇ ಹಂತದಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ 24,000 ಹೆಕ್ಟೇರಿಗೆ ಹನಿ ನೀರಾವರಿ ಯೋಜನೆ ಮಾಡಿತು. ನೀರು ನಾರಾಯಣಪುರ ಜಲಾಶಯದ ಹಿನ್ನೀರಿನದು, ಯೋಜನೆ ಉದ್ಘಾಟನೆಯಾದದ್ದು 2017ರಲ್ಲಿ. ಮರೋಳ ಎಂಬ ಹೆಸರು ದೂರದವರ ಕಿವಿಗೂ ಬಿತ್ತು. ಯಾರಿಗೆ ಎಷ್ಟು ನೀರು ಬಂತು ಎಂಬ ಚರ್ಚೆ ಇಲ್ಲಿ ಬೇಡ. ನೀರು ಎಲ್ಲಿಂದಲೇ ಬರಲಿ, ಎರೆಗೆ ಹನಿಯ ಲೆಕ್ಕದಲ್ಲೇ ಕೊಡುವುದು ಸರಿ ಎಂಬುದು ನನ್ನ ಮಾತು. ಎರೆ ಮಣ್ಣು ಸಾವಕಾಶ ಕುಡಿಯುವ ಮಣ್ಣು. ಕಾಲುವೆಯವರ ಹಂಗ ಹಾಯಿಸಿಬಿಟ್ಟರೆ ಮೇಲೆ ರಾಡಿ, ಕೆಳಗೆ ಜವಳು, ಕೊನೆಗೆ ಸವಳು. ಕೃಷ್ಣಾ, ತುಂಗಭದ್ರಾ, ಮಲಪ್ರಭಾ ಅಚ್ಚುಕಟ್ಟುಗಳ ಎರೆ ಭೂಮಿಯಲ್ಲಿ ಸವಳು–ಜವಳು ಆಗಿರುವುದನ್ನು ಹೋಗಿ ನೋಡಬಹುದು. ಪೈಪು ಕಿತ್ತು ನೀರು ಹಾಯಿಸುವವರು ನಾಲ್ಕು ದಿನದ ಹಸಿರು ನೋಡಿ ಮೋಸ ಹೋಗಬಾರದು. ಹನಿ ಬಿದ್ದ ಜಾಗ ಯಾವಾಗಲೂ ಮೆತುವಾಗಿಯೇ ಇರುತ್ತದೆ, ಆದ್ದರಿಂದ ಟ್ರ್ಯಾಕ್ಟರ್ ತರುವ ಮುಂಚೆ ಕೆಲವು ದಿನ ನೀರು ಬಂದ್ ಮಾಡಬೇಕು ಎಂಬುದೂ ನೆನಪಿರಲಿ.

ಎತ್ತು ನಿಲ್ಲುತ್ತಿತ್ತು, ಟ್ರ್ಯಾಕ್ಟರ್ ನಿಲ್ಲುವುದಿಲ್ಲ

ಟ್ರ್ಯಾಕ್ಟರ್ ಬೇಡ, ಎತ್ತಿಗೇ ಮರಳಿ ಹೋಗೋಣ ಎಂದು ನಾನು ಹೇಳುವುದಿಲ್ಲ. ಹೇಳಿದರೂ ಯಾರೂ ಕೇಳುವುದಿಲ್ಲ. ಒಂದು ಜೋಡಿ ಎತ್ತಿನ ಮೇವು, ನೀರು, ಸಾಕುವ ಆಳು ಎಲ್ಲದರ ಕಷ್ಟ ಗೊತ್ತಿದೆ. ಎತ್ತಿನ ಗೊರಸೂ ಹಸಿ ಮಣ್ಣನ್ನು ಒತ್ತುತ್ತದೆ, ಅದೂ ನಿಜ. ಆದರೆ ಒಂದು ವ್ಯತ್ಯಾಸ ಇದೆ. ಹದ ಇಲ್ಲದ ಹೊಲದಾಗ ಎತ್ತು ಎಳೆಯಲು ಒಲ್ಲೆ ಅನ್ನುತ್ತಿತ್ತು. ಕುಂಟೆಗೆ ಮಣ್ಣು ಮೆತ್ತಿ ನಾಲ್ಕು ಹೆಜ್ಜೆಗೊಮ್ಮೆ ಕೆರೆಯಬೇಕಾಗುತ್ತಿತ್ತು. ಒಕ್ಕಲಿಗನ ಚಪ್ಪಲಿಗೆ ಸೇರು ಸೇರು ಮಣ್ಣು ಅಂಟುತ್ತಿತ್ತು. ಬೇಸತ್ತು ಅವನೇ ಗಳೆ ಬಿಚ್ಚಿ ಮನೆಗೆ ಬರುತ್ತಿದ್ದ. ಹದ ಮೀರದಂತೆ ಎತ್ತಿನ ಬಲವೇ ಕಾವಲಿತ್ತು.

ನಲವತ್ತು–ಐವತ್ತು ಎಚ್‌.ಪಿ. ಟ್ರ್ಯಾಕ್ಟರಿಗೆ ಆ ಕಾವಲು ಇಲ್ಲ. ಸುಮಾರು ಎರಡು ಟನ್ ತೂಕ, ಮೇಲೆ ಸಲಕರಣೆ. ರಾಡಿಯಾಗ ಜಾರುತ್ತಲಾದರೂ ಮುಂದೆ ಹೋಗುತ್ತದೆ. ಸೀಟಿನ ಮೇಲೆ ಕೂತ ಡ್ರೈವರನ ಕಾಲಿಗೆ ಮಣ್ಣು ಅಂಟುವುದಿಲ್ಲ. ಅವನಿಗೆ ಅವತ್ತು ಇನ್ನೂ ಮೂರು ಹೊಲ ಇರುತ್ತವೆ. ತಾಸಿನ ಲೆಕ್ಕದ ಬಾಡಿಗೆ ಇದ್ದರೆ ಗಾಲಿ ಜಾರಿದ ತಾಸಿಗೂ ರೊಕ್ಕ ಕೊಡುವವರು ನಾವು. ರೋಟಾವೇಟರ್ ಇದ್ದರಂತೂ ಮೇಲೆ ನಾಲ್ಕಿಂಚು ರವೆಯ ಹಂಗ ಕಾಣುತ್ತದೆ, ಮಾಲೀಕ ಖುಷಿಯಾಗುತ್ತಾನೆ. ಕೆಳಗೆ ಅಲಗು ಸವರಿದ ತಳ ಹೇಗಿದೆ ಎಂದು ಯಾರೂ ಕೆದರಿ ನೋಡುವುದಿಲ್ಲ. ಮಶೀನಿಗೆ ಇಲ್ಲದ ಕಾವಲನ್ನು ಈಗ ಹೊಲದ ಒಡೆಯನೇ ಹಾಕಬೇಕು.

ವಿಜಾಪುರ, ಸೊಲ್ಲಾಪುರ, ಹಗರಿ, ರಾಯಚೂರುಗಳಲ್ಲಿ ಒಣಬೇಸಾಯ ಸಂಶೋಧನೆ 1930ರ ದಶಕದಲ್ಲೇ ಸುರುವಾಯಿತು. ಎರೆಗೆ ಆಳ ಉಳುಮೆ ಮೂರು ವರ್ಷಕ್ಕೊಮ್ಮೆ ಸಾಕು, ಒಡ್ಡು ಹಾಕಿ, ಕೊಟ್ಟಿಗೆ ಗೊಬ್ಬರ ಹಾಕಿ ಎಂದು ಆಗಲೇ ಹೇಳುತ್ತಿದ್ದರು. ನಮ್ಮ ಹಿರಿಯರೂ ಕರಿಕೆ ಹೆಚ್ಚಾದಾಗ ಮಾತ್ರ ರೆಂಟೆ ಹೊಡೆದು, ಉಳಿದ ವರ್ಷ ಕುಂಟೆಯಿಂದ ಹರಗುತ್ತಿದ್ದರು. ಬಿರಿದು, ಉದುರಿ, ಮತ್ತೆ ಉಬ್ಬಿ ಎರೆ ತನ್ನನ್ನು ತಾನೇ ಉಳುತ್ತದೆ ಎಂದು ಅವರಿಗೆ ಗೊತ್ತಿತ್ತು. ಈಗ ವರ್ಷಕ್ಕೆರಡು ಸಲ ನೇಗಿಲು, ಅದೂ ಹದ ನೋಡದೆ.

"ಕಾದರೆ ಹದ ಹಾರಿ ಹೋಗುತ್ತದೆ"

ಇದಕ್ಕೆ ನಮ್ಮವರು ಹೇಳುವ ಉತ್ತರ ಇದು. "ನೀ ಹೇಳೂದು ಖರೆ. ಆದ್ರ ಹದ ಬಂದ ದಿನ ಟ್ರ್ಯಾಕ್ಟರ್ ಸಿಗಬೇಕಲ್ಲ. ಇವತ್ತು ಬ್ಯಾಡ ಅಂದ್ರ ಅಂವ ಇನ್ನ ಎಂಟು ದಿನ ಈ ಕಡೆ ಹಾಯೂದಿಲ್ಲ. ಅಷ್ಟೊತ್ತಿಗೆ ಮಣ್ಣು ಆರಿ ಹೋಗಿರ್ತದ. ಹಸಿ ಆದ್ರ ಹಸಿ, ಬಿತ್ತಿ ಬಿಡೂದು." ಈ ಮಾತನ್ನು ತಳ್ಳಿಹಾಕುವಂತಿಲ್ಲ. ಹಿಂಗಾರಿಯ ಬಿತ್ತನೆಗೆ ಸಿಗುವ ದಿನಗಳು ಎಣಿಸಿದಷ್ಟೇ. ಉತ್ತರಿ, ಹಸ್ತ, ಚಿತ್ತಿ ಮಳೆಗಳ ನಡುವೆ ಕೂರಿಗೆ ಹೂಡಬೇಕು. ತಡವಾದರೆ ಮೇಲಿನ ತೇವ ಆರಿ ಬೀಜ ಹುಟ್ಟುವುದಿಲ್ಲ. ಎರಡು–ಮೂರು ಎಕರೆಯವನಿಗೆ ಸ್ವಂತ ಟ್ರ್ಯಾಕ್ಟರ್ ಇಲ್ಲ, ಎತ್ತೂ ಇಲ್ಲ. ಅವನು ಸಿಕ್ಕಾಗ ಹೊಡೆಸದೆ ಏನು ಮಾಡಬೇಕು?

ನನ್ನ ವಿಚಾರ ಇಷ್ಟು. ಊರಿನ ಎಲ್ಲ ಹೊಲ ಒಂದೇ ದಿನ ಹದಕ್ಕೆ ಬರುವುದಿಲ್ಲ. ನಮ್ಮ ಕಡೆ ಅಂದಾಜು ಹೇಳುವುದಾದರೆ, ಒಳ್ಳೇ ಮಳೆ ನಿಂತ ಮೇಲೆ ಮಸಾರಿ ಹೊಲ ಒಂದೆರಡು ದಿನಕ್ಕೆ ಹದಕ್ಕೆ ಬರುತ್ತದೆ. ಮಸಾರಿ–ಎರೆ ಮಿಶ್ರ ಇದ್ದದ್ದು ಮೂರು–ನಾಲ್ಕು ದಿನಕ್ಕೆ. ಆಳದ ಎರೆ ಐದರಿಂದ ಎಂಟು ದಿನಕ್ಕೆ, ಬಿಸಿಲು ಗಾಳಿ ನೋಡಿಕೊಂಡು. ಎತ್ತರದ ಹೊಲ ಮೊದಲು, ತಗ್ಗಿನದು ಆಮೇಲೆ. ಅಂದ ಮೇಲೆ ಟ್ರ್ಯಾಕ್ಟರ್ ಇದೇ ಸರದಿಯಲ್ಲಿ ಹೋದರೆ ಎಲ್ಲರಿಗೂ ಹದದಲ್ಲೇ ಸಿಗುತ್ತದೆ, ಡ್ರೈವರನಿಗೂ ಒಂದು ದಿನವೂ ಖಾಲಿ ಇರುವುದಿಲ್ಲ. ಈಗ ನಡೆಯುತ್ತಿರುವುದು ಹಾಗಲ್ಲ. ಯಾರು ಮೊದಲು ಫೋನ್ ಮಾಡಿದರೋ, ಯಾರದು ಹೆಚ್ಚು ಎಕರೆಯೋ, ಯಾರು ಮುಂಗಡ ಕೊಟ್ಟರೋ ಅವರ ಹೊಲಕ್ಕೆ ಮೊದಲು. ತಗ್ಗಿನ ಎರೆಯ ದೊಡ್ಡ ಒಕ್ಕಲಿಗ ಎರಡನೇ ದಿನಕ್ಕೇ ಹಸಿಯಲ್ಲಿ ಹೊಡೆಸಿ ಹೊಲ ಕೆಡಿಸಿಕೊಳ್ಳುತ್ತಾನೆ. ಮಸಾರಿಯ ಬಡವ ಆರನೇ ದಿನದವರೆಗೆ ಕಾದು ತೇವ ಕಳೆದುಕೊಳ್ಳುತ್ತಾನೆ. ಇಬ್ಬರಿಗೂ ನಷ್ಟ.

ಹತ್ತು–ಹದಿನೈದು ಮನೆಯವರು ಕೂಡಿ, ಮಳೆಗಾಲಕ್ಕೆ ಮೊದಲೇ ತಮ್ಮ ಹೊಲಗಳ ಪಟ್ಟಿ ಮಾಡಬೇಕು. ಯಾವುದು ಮಸಾರಿ, ಯಾವುದು ಮಿಶ್ರ, ಯಾವುದು ಆಳ ಎರೆ, ಯಾವುದು ತಗ್ಗು ಎಂದು ಬರೆದು ಸರದಿ ಹಚ್ಚಬೇಕು. ಟ್ರ್ಯಾಕ್ಟರಿನವನ ಜೊತೆ ಎಲ್ಲರ ಪರವಾಗಿ ಒಂದೇ ಮಾತು ಆಡಬೇಕು. ಹತ್ತು ಮನೆಯ ಕೆಲಸ ಒಟ್ಟಿಗೆ ಸಿಗುವುದಾದರೆ ಅವನಿಗೂ ಬೇಕಾಗಿದೆ. ಬಾಡಿಗೆಯನ್ನು ತಾಸಿನ ಬದಲು ಎಕರೆ ಲೆಕ್ಕಕ್ಕೆ ಮಾಡಿದರೆ ಗಾಲಿ ಜಾರುವ ಹೊಲಕ್ಕೆ ಇಳಿಯಲು ಅವನೇ ಹಿಂದೆ ಮುಂದೆ ನೋಡುತ್ತಾನೆ. ಇಷ್ಟು ಮನೆಗಳ ನಡುವೆ ಒಂದೆರಡು ಜೋಡಿ ಎತ್ತು, ಕೂರಿಗೆ ಉಳಿಸಿಕೊಂಡರೆ ಇನ್ನೂ ಒಳ್ಳೆಯದು. ಸರದಿ ತಪ್ಪಿದ ಸಣ್ಣ ತುಂಡಿಗೆ ಅವು ಬೇಕಾಗುತ್ತವೆ.

ಮಾಡಿ ನೋಡಬಹುದಾದ್ದು

ಹದ ತಿಳಿಯಲು ಇಷ್ಟು ಮಾಡಿರಿ. ಹೊಲದ ಮೂರು ಕಡೆ, ಮೇಲಿನ ಮಣ್ಣು ಸರಿಸಿ, ನೇಗಿಲು ಇಳಿಯುವಷ್ಟು ಆಳದಿಂದ ನಿಂಬೆಹಣ್ಣಿನಷ್ಟು ಮಣ್ಣು ತೆಗೆಯಿರಿ. ಮೇಲಿನ ಎರಡಿಂಚು ನೋಡಿ ತೀರ್ಮಾನ ಮಾಡಬೇಡಿ, ಮೇಲೆ ಆರಿದ್ದರೂ ಕೆಳಗೆ ಹಸಿ ಇರುತ್ತದೆ. ಆ ಮಣ್ಣನ್ನು ಮಣೆಯ ಮೇಲೆ ಶಾವಿಗೆ ಹೊಸೆದ ಹಂಗ ಹೊಸೆಯಿರಿ. ಬೆಂಕಿಕಡ್ಡಿಗಿಂತ ತುಸು ದಪ್ಪದ ಎಳೆ ಮುರಿಯದೆ ಬಂದರೆ ಟ್ರ್ಯಾಕ್ಟರ್ ಬೇಡ, ಇನ್ನೂ ಕಾಯಿರಿ. ಎಳೆಯಾಗುವ ಮುಂಚೆಯೇ ತುಂಡಾಗಿ ಉದುರಿದರೆ ಹದ ಬಂದಿದೆ. ಉಂಡೆಯೇ ಕಟ್ಟದಿದ್ದರೆ ಹದ ದಾಟಿದೆ. ಇದಕ್ಕೆ ಐದು ನಿಮಿಷ ಸಾಕು, ರೊಕ್ಕ ಬೇಡ. ಜೋಳದ ಹಿಟ್ಟಿಗೆ ಎಸರು ಎಷ್ಟು ಬೇಕೆಂದು ಕೈಯಿಂದಲೇ ತಿಳಿಯುವ ಹೆಣ್ಣುಮಕ್ಕಳು ಇದನ್ನು ನಮಗಿಂತ ಚೆನ್ನಾಗಿ ಹೇಳಬಲ್ಲರು. ಅವರನ್ನೇ ಕೇಳಿರಿ.

ಕೆಳಗೆ ಗಟ್ಟಿ ಪದರ ಕೂತಿದೆಯೋ ಎಂದು ನೋಡಲು, ಚೆನ್ನಾಗಿ ಮಳೆಯಾದ ಎರಡು–ಮೂರು ದಿನಕ್ಕೆ ಹೊಲದ ಬದುವಿನಲ್ಲೂ ನಡುವೆಯೂ ಒಂದು ಕಬ್ಬಿಣದ ಸಲಾಕೆ ಒತ್ತಿ ನೋಡಿರಿ. ಬದುವಿನಲ್ಲಿ ಸಲೀಸಾಗಿ ಇಳಿದು, ನಡುಹೊಲದಲ್ಲಿ ಆರೆಂಟು ಇಂಚಿಗೆ ತಡೆದರೆ ಪದರ ಕೂತಿದೆ ಎಂದೇ ತಿಳಿಯಿರಿ. ಎರೆಗೆ ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುವ ಗುಣ ಸ್ವಲ್ಪ ಇದೆ. ಬ್ಯಾಸಿಗಿಯಲ್ಲಿ ಬಿರಿದು, ಮಳೆಗಾಲದಲ್ಲಿ ಉಬ್ಬಿ ಆ ಪದರ ಕೆಲವು ವರ್ಷಕ್ಕೆ ಸಡಿಲಾಗುತ್ತದೆ. ಆದರೆ ಪ್ರತಿ ವರ್ಷ ಹಸಿಯಲ್ಲಿ ತುಳಿಯುತ್ತಿದ್ದರೆ ಮಾಯುವುದು ಯಾವಾಗ? ಮಸಾರಿಗೆ ಈ ಗುಣವೂ ಇಲ್ಲ. ತೊಗರಿ, ಕುಸುಬಿಯಂಥ ಆಳ ಬೇರಿನ ಬೆಳೆ ಸರದಿಯಲ್ಲಿ ಹಾಕಿದರೆ, ಕೊಟ್ಟಿಗೆ ಗೊಬ್ಬರ ಕೊಟ್ಟರೆ ಬೇಗ ಸುಧಾರಿಸುತ್ತದೆ. ಮುಂಗಾರಿಯಲ್ಲಿ ಖಾಲಿ ಬಿಡುವ ಎರೆಗೆ ಚೌಕು ಮಡಿ ಮಾಡಿ ಬಿದ್ದ ನೀರು ಬಿದ್ದಲ್ಲೇ ಇಂಗಿಸಬೇಕು. ಟ್ರ್ಯಾಕ್ಟರ್, ಟ್ರೇಲರ್ ಓಡಾಡಲು ಹೊಲದಾಗ ಒಂದೇ ದಾರಿ ಇರಲಿ. ಇಡೀ ಹೊಲ ತುಳಿಸುವುದಕ್ಕಿಂತ ಒಂದು ಪಟ್ಟಿ ಕಳೆದುಕೊಳ್ಳುವುದು ಮೇಲು.

ಹಿಂಗಾರಿಯಲ್ಲಿ ಜೋಳ ಎದ್ದ ಮೇಲೆ ಎಡೆ ಹೊಡೆಯುವುದನ್ನು ಬಿಡಬೇಡಿ. ಎಡೆಕುಂಟೆ ಬಿರುಕಿನ ಬಾಯಿ ಮುಚ್ಚುತ್ತದೆ, ಮೇಲೆ ಪುಡಿಮಣ್ಣಿನ ಹೊದಿಕೆ ಹಾಸುತ್ತದೆ. ಒಳಗಿನ ತೇವ ಹಾರಿ ಹೋಗುವುದಿಲ್ಲ. ಮಣ್ಣು ಕಲ್ಲಾಗುವ ಮೊದಲು ನಾವು ಮಾಡುವ ಕೊನೆಯ ಹದದ ಕೆಲಸ ಅದು.

ನಮ್ಮ ಮಕ್ಕಳಿಗೆ ಟ್ರ್ಯಾಕ್ಟರ್ ಓಡಿಸಲು ಹತ್ತನೇ ವಯಸ್ಸಿಗೇ ಬರುತ್ತದೆ. ಮಣ್ಣು ಹಿಡಿದು ಹದ ಹೇಳು ಅಂದರೆ ಇಪ್ಪತ್ತೈದರ ಹುಡುಗನೂ ಮುಖ ನೋಡುತ್ತಾನೆ. ಈ ವಿದ್ಯೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹೊಲಕ್ಕೆ ಕರಕೊಂಡು ಹೋಗಿ ಕೈಯಾಗ ಮಣ್ಣು ಕೊಟ್ಟು ಕಲಿಸಬೇಕು. ಈ ಹಿಂಗಾರಿಗೆ ಸುರು ಮಾಡಿರಿ.

ಇದು ನನ್ನ ಅನಿಸಿಕೆ. ಬೇರೆ ಸೀಮೆಯವರ ಮಣ್ಣು ಬೇರೆ, ಹದದ ಲೆಕ್ಕ ಬೇರೆ ಇರಬಹುದು. ನಿಮ್ಮ ಹೊಲ ಮಳೆ ನಿಂತ ಎಷ್ಟನೇ ದಿನಕ್ಕೆ ಹದಕ್ಕೆ ಬರುತ್ತದೆ, ನೀವು ಅದನ್ನು ಹೇಗೆ ತಿಳಿಯುತ್ತೀರಿ, ಟ್ರ್ಯಾಕ್ಟರ್ ಸರದಿ ಎಲ್ಲಾದರೂ ಮಾಡಿ ನೋಡಿದ್ದೀರಾ ಎಂಬುದನ್ನು ಈ ಪತ್ರಿಕೆಗೇ ಬರೆಯಿರಿ. ಹತ್ತು ಊರಿನ ಅನುಭವ ಕೂಡಿದರೆ ಎಲ್ಲರಿಗೂ ಉಪಯೋಗ.

— ಒಬ್ಬ ಒಣಬೇಸಾಯಗಾರ, ಮರೋಳ, ಬಾಗಲಕೋಟೆ ಜಿಲ್ಲೆ